ನಾರ್ಮಲ್ ಮನುಷ್ಯ ಬೇಕಾಗಿದ್ದಾನೆ

ಅಣ್ಣನ ಮಗಳು ಫೋನು ಮಾಡಿದ್ದಳು. ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಎಂ.ಡಿ. ಓದುತ್ತಿದ್ದಾಳೆ. "ಚಿಕ್ಕಪ್ಪ, ನರದ ವೇಗ ಅಳೆಯೋಕೆ ಐವತ್ತು ದಾಟಿದ ನಾರ್ಮಲ್ ಜನ ಸಿಗ್ತಾನೇ ಇಲ್ಲ. ನೀವು ಒಂದು ದಿನ ಬಂದು ಕೂತ್ಕೊಳ್ತೀರಾ?" ಅಡುಗೆಮನೆಯಿಂದಲೇ ಕೇಳಿಸಿಕೊಂಡ ನನ್ನ ಹೆಂಡತಿ, "ಪಾಪ, ಮಗೂಗೆ ಯಾರೋ ತಪ್ಪು ವಿಳಾಸ ಕೊಟ್ಟಿದಾರೆ" ಅಂದಳು.

ನಾನು ಸರ್ವೇ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ಸವೆಸಿದವನು. ಟಿಪ್ಪಣಿ ಅಂದರೆ ನಮ್ಮಲ್ಲಿ ಸಾಹಿತಿಗಳ ಟಿಪ್ಪಣಿಯಲ್ಲ. ಹೊಲದ ಆಕಾರ, ಸರಪಳಿಯ ಅಳತೆ, ಬಾಂದುಕಲ್ಲಿನ ಜಾಗ ಗುರುತಿಸಿದ ಹಾಳೆ. ಈಗ ಬರೆಯುತ್ತಿರುವುದು ಅದೂ ಅಲ್ಲ, ಇದೂ ಅಲ್ಲ. ಎರಡರ ಮಧ್ಯದ ಖರಾಬು ಜಾಗ ಅಂದುಕೊಳ್ಳಿ.

*

ಚಿಕ್ಕ ಕೋಣೆ. ಒಂದು ಮಂಚ, ಕಂಪ್ಯೂಟರು, ಪಕ್ಕದಲ್ಲೊಂದು ಡಬ್ಬಿ, ಅದರಿಂದ ಹೊರಟ ಬಣ್ಣದ ವೈರುಗಳು. ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಒಂದು ಬಿಲ್ಲೆ ಅಂಟಿಸಿದಳು. ಬೆರಳಿನ ಗೆಣ್ಣಿಗೆ ಇನ್ನೊಂದು, ಅಂಗೈ ಹಿಂದೆ ಮೂರನೆಯದು. ಎರಡು ಮೊನೆಯ ಹಿಡಿಕೆಯೊಂದನ್ನು ಮಣಿಕಟ್ಟಿಗೆ ಒತ್ತಿ, "ಸ್ವಲ್ಪ ಜುಮ್ ಅನ್ನುತ್ತೆ" ಎಂದಳು. ಅಂದದ್ದಕ್ಕಿಂತ ಜಾಸ್ತಿಯೇ ಅಂದಿತು. ಹೆಬ್ಬೆರಳು ನನ್ನನ್ನು ಒಂದು ಮಾತೂ ಕೇಳದೆ ಎಗರಿತು. ಅರವತ್ತಮೂರು ವರ್ಷ ನನ್ನದು ಅಂದುಕೊಂಡಿದ್ದ ಬೆರಳು.

ಕರೆಂಟನ್ನು ಏರಿಸುತ್ತಾ ಹೋಗುತ್ತಾಳೆ. ಪರದೆಯ ಮೇಲಿನ ಅಲೆಯ ಗುಡ್ಡವೂ ಏರುತ್ತಾ ಹೋಗುತ್ತದೆ. ಒಂದು ಹಂತದ ಮೇಲೆ ಕರೆಂಟು ಏರಿದರೂ ಗುಡ್ಡ ಏರುವುದಿಲ್ಲ. ಆ ನರದೊಳಗಿನ ಎಳೆಗಳೆಲ್ಲ ಎದ್ದಾಗಿದೆ ಎಂದರ್ಥವಂತೆ. ಅದರ ಮೇಲೂ ಒಂದಿಷ್ಟು ಸೇರಿಸಿ ಹೊಡೆದು, ಆಗ ಬಂದ ಲೆಕ್ಕವನ್ನೇ ಬರೆದುಕೊಳ್ಳುತ್ತಾರೆ. ಇದೇ ಕೆಲಸ ಮತ್ತೆ ಮೊಣಕೈ ಮಡಿಕೆಯ ಹತ್ತಿರ. ಹೆಬ್ಬೆರಳು ಮತ್ತೆ ಎಗರಿತು, ಆದರೆ ಈ ಸಲ ಕೊಂಚ ತಡವಾಗಿ. ಆ ಕೊಂಚವೇ ಇಡೀ ವಿದ್ಯೆ.

ಮಣಿಕಟ್ಟಿನಿಂದ 3.4 ಮಿಲಿಸೆಕೆಂಡು. ಮೊಣಕೈಯಿಂದ 7.6. ನಡುವಿನ ದೂರ 23 ಸೆಂಟಿಮೀಟರು. ಕಾಗದದ ಮೇಲೆ ನಾನೇ ಭಾಗಿಸಿದೆ: 4.2 ಮಿಲಿಸೆಕೆಂಡಿಗೆ 230 ಮಿಲಿಮೀಟರು, ಅಂದರೆ ಸೆಕೆಂಡಿಗೆ 54.8 ಮೀಟರು. ಗಂಟೆಗೆ ಎಷ್ಟು ಅಂತಲೂ ನೋಡಿದೆ. ಸುಮಾರು 197 ಕಿಲೋಮೀಟರು. ಅರಸೀಕೆರೆ ದಾಟಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ಪ್ಯಾಸೆಂಜರ್ ಗಾಡಿಯ ಕಾಲದವನಿಗೆ ತನ್ನ ಮೊಣಕೈಯಲ್ಲೇ ಇಂಥದ್ದೊಂದು ಓಡಾಡುತ್ತಿತ್ತು ಅನ್ನುವುದು ಗೊತ್ತಿರಲಿಲ್ಲ.

ಮಣಿಕಟ್ಟಿನಿಂದ ಬೆರಳಿಗೆ ನೇರವಾಗಿ ಯಾಕೆ ಭಾಗಿಸಬಾರದು ಅಂತ ಕೇಳಿದೆ. ನರದ ತುದಿಯಿಂದ ಸ್ನಾಯುವಿಗೆ ಸುದ್ದಿ ದಾಟುವುದಕ್ಕೇ ಸುಮಾರು ಒಂದು ಮಿಲಿಸೆಕೆಂಡು ಖರ್ಚಾಗುತ್ತದೆ. ಎರಡು ಕಡೆ ಹೊಡೆದು ಕಳೆದರೆ ಆ ಖರ್ಚು ಎರಡೂ ಕಡೆಯಿಂದ ಹಾರಿಹೋಗುತ್ತದೆ, ಉಳಿಯುವುದು ದಾರಿಯ ಹೊತ್ತು ಮಾತ್ರ. ಚೆನ್ನಾಗಿದೆ. ನಾವೂ ಹೀಗೇ ಮಾಡುತ್ತಿದ್ದೆವು. ಲೆವೆಲಿಂಗ್‌ನಲ್ಲಿ ಉಪಕರಣವನ್ನು ಎರಡು ಕಡ್ಡಿಗಳ ಸರಿ ನಡುವೆ ಇಟ್ಟರೆ ಉಪಕರಣದ ಐಬು ಕಳೆದುಹೋಗುತ್ತದೆ.

*

ಟೇಪು! ಆ ಹುಡುಗಿ ಕಂಪ್ಯೂಟರಿನಲ್ಲಿ ಸಾವಿರದಲ್ಲೊಂದು ಸೆಕೆಂಡನ್ನೂ ಹತ್ತು ಪಾಲು ಮಾಡಿ ಓದುತ್ತಾಳೆ. ದೂರ ಅಳೆಯುವುದು ಮಾತ್ರ ದರ್ಜಿಯ ಟೇಪಿನಲ್ಲಿ, ಹುಬ್ಬು ತೀಡುವ ಪೆನ್ಸಿಲಿನಲ್ಲಿ ಎರಡು ಗೀಟು ಎಳೆದು. ಒಂದು ಸೆಂಟಿಮೀಟರ್ ಜಾಸ್ತಿ ಓದಿದರೆ ನನ್ನ 54.8 ಹೋಗಿ 57.1 ಆಗುತ್ತದೆ. ಒಂದು ಬೆರಳಗಲಕ್ಕಿಂತ ಕಡಿಮೆಯ ತಪ್ಪಿಗೆ ಎರಡು ಮೀಟರಿಗೂ ಮೀರಿದ ವ್ಯತ್ಯಾಸ. ನಮ್ಮ 33 ಅಡಿಯ ಸರಪಳಿಗೆ ಹದಿನಾರು ಆಣೆ. ಒಂದು ಆಣೆ ತಪ್ಪಿದ್ದಕ್ಕೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ಹತ್ತಿದ್ದನ್ನು ನೋಡಿದವನು ನಾನು.

ಅದಕ್ಕಿಂತ ಸ್ವಾರಸ್ಯ ಕಿರುಬೆರಳ ಕಡೆಯ ಅಲ್ನಾರ್ ನರದ್ದು. ಮೊಣಕೈ ಎಲ್ಲಾದರೂ ತಗುಲಿದಾಗ ಜುಮ್ಮೆನ್ನುವುದು ಅದೇ. ಕೈಯನ್ನು ನೀಳವಾಗಿ ಚಾಚಿ ಇಟ್ಟರೆ ಆ ನರ ಮೊಣಕೈಯೊಳಗೆ ಸಡಿಲವಾಗಿ ಸುಕ್ಕಿರುತ್ತದಂತೆ. ಚರ್ಮದ ಮೇಲೆ ಟೇಪು ತೋರಿಸುವ ದೂರ ಕಡಿಮೆ, ಒಳಗಿನ ನರದ ನಿಜವಾದ ಉದ್ದ ಜಾಸ್ತಿ. ಭಾಗಿಸಿದರೆ ನರ ನಿಧಾನ ಅಂತ ಬರುತ್ತದೆ. ಏನೂ ಆಗಿಲ್ಲದವನಿಗೆ ಮೊಣಕೈಯಲ್ಲಿ ನರ ಒತ್ತಿದೆ ಅಂತ ರಿಪೋರ್ಟು! ಕೈ ಮಡಿಸಿದರೆ ನರ ಬಿಗಿಯಾಗಿ, ಅಳತೆ ನಿಜದ ಹತ್ತಿರಕ್ಕೆ ಬರುತ್ತದೆ. ಸರಪಳಿ ಜೋತುಬಿದ್ದಿದ್ದರೆ ಹೊಲ ದೊಡ್ಡದಾಗುತ್ತದೆ, ಬಿಗಿ ಎಳೆದರೆ ಸರಿಯಾಗುತ್ತದೆ. ಇದನ್ನು ಸರಪಳಿ ಎಳೆಯುವ ಹುಡುಗನಿಗೆ ಮೊದಲ ದಿನವೇ ಬೈದು ಕಲಿಸುತ್ತಿದ್ದೆವು. ಅಲ್ಲಿ ಜೋತುಬೀಳುತ್ತಿದ್ದದ್ದು ಅಳೆಯುವ ಸರಪಳಿ. ಇಲ್ಲಿ ಜೋತುಬೀಳುವುದು ಅಳೆಸಿಕೊಳ್ಳುವ ಹೊಲವೇ.

ಹಾಗಾಗಿ ಒಂದು ಪುಸ್ತಕದಲ್ಲಿ ಕೈ ಚಾಚಿಸಿ ತೆಗೆದ ಅಂಕಿಯಿದ್ದು, ನಾವು ಕೈ ಮಡಿಸಿ ಅಳೆದರೆ ಎರಡೂ ತಾಳೆಯಾಗುವುದಿಲ್ಲ. ಗೋಡೆಗೆ ಅಂಟಿಸಿರುವ ನಾರ್ಮಲ್ ಅಂಕಿಗಳ ಪಟ್ಟಿ ಯಾವ ಊರಿನದು, ಯಾವ ಕೈಯದು? ಕೇಳಿದೆ. "ಹೊರಗಿನ ಪುಸ್ತಕದ್ದು ಚಿಕ್ಕಪ್ಪ. ಅದಕ್ಕೇ ನಮ್ಮದೇ ಮಾಡ್ಕೋಬೇಕು ಅಂತ ನಮ್ಮ ಮೇಡಂ ಅಂತಾರೆ."

*

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಇದೇ ಲೆಕ್ಕ ಮಾಡಿದ. ಎರಡು ಕಡೆ ಕರೆಂಟು, ನಡುವಿನ ದೂರ, ಕಳೆದು ಭಾಗಿಸುವುದು. ಸೆಕೆಂಡಿಗೆ ಸುಮಾರು ಇಪ್ಪತ್ತೇಳು ಮೀಟರು ಬಂತು. ಅವನ ಗುರು ಮ್ಯುಲ್ಲರ್, ನರದ ವೇಗವನ್ನು ಮನುಷ್ಯರು ಎಂದಿಗೂ ಅಳೆಯಲಾರರು ಅನ್ನುವ ಅಭಿಪ್ರಾಯದವನು. ಅಳತೆಯಾದದ್ದು ಕಪ್ಪೆಯದು, ಜಾಗ ಕ್ಯೋನಿಗ್ಸ್‌ಬರ್ಗ್. ಕಪ್ಪೆಗಳಲ್ಲಿ ಯಾವುದು ನಾರ್ಮಲ್ ಕಪ್ಪೆ ಅಂತ ಯಾರೂ ಕೇಳಿದಂತಿಲ್ಲ. ಮನುಷ್ಯರ ಚರ್ಮದ ಮೇಲಿಂದಲೇ ಹೀಗೆ ಅಳೆದು ರೋಗ ಪತ್ತೆಗೆ ಬಳಸುವುದು ನಡೆಗೆ ಬಂದಿದ್ದು 1940ರ ದಶಕದ ಕೊನೆಯಲ್ಲಿ.

*

ಎರಡನೇ ಸಲ ಹೋದಾಗ ಎ.ಸಿ. ಜೋರಾಗಿತ್ತು. ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಕೂತಿದ್ದಳು, ಕೈ ಮಂಜುಗಡ್ಡೆ. ಅಣ್ಣನ ಮಗಳು ಅವಳ ಕೈಗೆ ಬಿಸಿನೀರಿನ ಚೀಲ ಸುತ್ತಿ ಕೂರಿಸಿದ್ದಳು. ಚರ್ಮ 32 ಡಿಗ್ರಿ ದಾಟುವ ತನಕ ಮೆಷಿನ್ ಮುಟ್ಟುವ ಹಾಗಿಲ್ಲ. ಒಂದು ಡಿಗ್ರಿ ತಣ್ಣಗಾದರೆ ವೇಗ ಹೆಚ್ಚೂಕಡಿಮೆ ಎರಡು ಮೀಟರ್ ಇಳಿಯುತ್ತದೆ. ಐದು ಡಿಗ್ರಿ ಅಂದರೆ ಹತ್ತು ಮೀಟರು. ಕೈಯಲ್ಲಿ ಐವತ್ತರ ಮೇಲಿದ್ದರೆ ಸರಿ ಅನ್ನುವ ಲೆಕ್ಕದಲ್ಲಿ, ಆರೋಗ್ಯವಾಗಿರುವ ಆ ಹುಡುಗಿ ಬರೀ ಎ.ಸಿ.ಯ ದೆಸೆಯಿಂದ ರೋಗಿಯಾಗುತ್ತಿದ್ದಳು.

ನನಗೆ ಲ್ಯಾಂಬ್ಟನ್ ನೆನಪಾದ. 1802ರಲ್ಲಿ ಮದರಾಸಿನ ಬಯಲಿನಲ್ಲಿ ನೂರಡಿಯ ಉಕ್ಕಿನ ಸರಪಳಿ ಹಾಸಿ ತಳರೇಖೆ ಅಳೆದವನು. ಚೀನಾ ದೊರೆಗೆಂದು ಹೊರಟು, ಅಲ್ಲಿ ಬೇಡವಾಗಿ, ಇತ್ತ ಬಂದ ಸರಪಳಿ ಅದು. ಬಿಸಿಲಿಗೆ ಹಿಗ್ಗಬಾರದೆಂದು ಅದನ್ನು ಮರದ ಪೆಟ್ಟಿಗೆಯೊಳಗೆ, ಡೇರೆಯ ನೆರಳಿನಲ್ಲಿ ಇಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇರಿಸಿ, ಒಂದೊಂದು ಅಳತೆಗೂ ಶಾಖದ ಲೆಕ್ಕ ಕಳೆದ. ಅವನದು ನಲವತ್ತು ಸಾವಿರ ಅಡಿಗೂ ಮೀರಿದ ದೂರ. ಇವಳದು ಇಪ್ಪತ್ತಮೂರು ಸೆಂಟಿಮೀಟರ್. ಪೇಚಾಟ ಮಾತ್ರ ಒಂದೇ.

ತಲೆಕೆಡಿಸಿದ್ದು ಇನ್ನೊಂದು. ತಣ್ಣಗಾದಾಗ ವೇಗ ಇಳಿಯುತ್ತದೆ ಸರಿ. ಗುಡ್ಡ ಮಾತ್ರ ಎತ್ತರವಾಗುತ್ತದೆ! ರೋಗದಲ್ಲಿ ಹೀಗಾಗುವುದು ಅಪರೂಪ. ನರದ ಪೊರೆಯಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲುಗಳಿವೆಯಂತೆ, ಚಳಿಗೆ ಅವು ಮುಚ್ಚಲು ತಡಮಾಡುತ್ತವೆ, ಅದಕ್ಕೆ ಅಲೆ ಅಗಲವೂ ಎತ್ತರವೂ ಆಗುತ್ತದೆ. ಚಳಿಗೆ ಬಾಗಿಲು ಬೇಗ ಮುಚ್ಚುವುದು ನಮ್ಮ ಮನೆಯ ಪದ್ಧತಿ.

*

ಈಗ ಮುಖ್ಯ ಗೊಂದಲ. ನಮ್ಮ ಜನರ ನರ ಬೇರೆಯವರ ನರಕ್ಕಿಂತ ಬೇರೆಯೇ?

ಅಣ್ಣನ ಮಗಳು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಉದ್ದನೆಯ ಆಳುಗಳ ಕಾಲಿನ ನರ ನಿಧಾನ. ಕಾಲು ಉದ್ದವಾದಷ್ಟೂ ನರದ ಎಳೆ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, ಪಾದವೂ ತಣ್ಣಗಿರುತ್ತದೆ ಎನ್ನುತ್ತಾರೆ. ಇನ್ನು ಬೆರಳಿಗೆ ಉಂಗುರದಂಥ ತಂತಿ ಹಾಕಿ ಸ್ಪರ್ಶದ ನರದ ಅಲೆ ಅಳೆಯುವಾಗ, ಬೆರಳು ತೆಳ್ಳಗಿದ್ದರೆ ಅಲೆ ಎತ್ತರ ಬರುತ್ತದೆ. ನರಕ್ಕೂ ಉಂಗುರಕ್ಕೂ ನಡುವೆ ಮಾಂಸ ಕಡಿಮೆ, ಅಷ್ಟೇ. ಹೆಂಗಸರ ಅಲೆ ಗಂಡಸರದ್ದಕ್ಕಿಂತ ಎತ್ತರವಿರುವುದರ ಹಿಂದೆ ಇರುವುದು ಬಹುಪಾಲು ಈ ಬೆರಳಿನ ಸುತ್ತಳತೆ. ಮೈ ದಪ್ಪವಾದರೂ ಅಲೆ ಕುಗ್ಗುತ್ತದೆ. ವಯಸ್ಸಿನದ್ದು ಇನ್ನೊಂದು: ಹುಟ್ಟಿದ ಕೂಸಿನ ವೇಗ ದೊಡ್ಡವರ ಅರ್ಧದಷ್ಟು, ಮೂರರಿಂದ ಐದು ವರ್ಷದೊಳಗೆ ನಮ್ಮ ಮಟ್ಟಕ್ಕೆ ಬರುತ್ತದೆ. ಆಮೇಲೆ ಮುಪ್ಪಿನಲ್ಲಿ ಮೆಲ್ಲಗೆ ಇಳಿತ.

ಅಂದಮೇಲೆ ಆರಡಿಯ ದಪ್ಪ ಬೆರಳಿನ ಜನರಿಂದ ತೆಗೆದ ಗಡಿಯನ್ನು ಐದಡಿಯ ಸಣ್ಣ ಬೆರಳಿನ ರಾಗಿ ಕೊಯ್ಯುವ ಹೆಂಗಸಿಗೆ ಹಾಕಿದರೆ ಏನಾಗುತ್ತದೆ? ನಾನು ಅಂದುಕೊಂಡಿದ್ದು, ನಮ್ಮವರನ್ನೆಲ್ಲ ಸುಮ್ಮಸುಮ್ಮನೆ ರೋಗಿಗಳೆಂದು ಬರೆದುಬಿಡುತ್ತಾರೆ ಎಂದು. ಆಗುವುದು ಉಲ್ಟಾ. ಅವಳ ಅಲೆ ಮೊದಲು ನಲವತ್ತು ಮೈಕ್ರೋವೋಲ್ಟ್ ಇದ್ದು, ಸಕ್ಕರೆ ಕಾಯಿಲೆಯಿಂದ ಇಪ್ಪತ್ತಕ್ಕೆ ಇಳಿದಿದ್ದರೂ ಹೊರಗಿನವರ ಕೆಳಗಡಿಯ ಮೇಲೇ ಕೂತಿರಬಹುದು. ಅರ್ಧ ನರ ಹೋಗಿದೆ, ಕಾಗದದಲ್ಲಿ 'ನಾರ್ಮಲ್'. ಬಾಂದುಕಲ್ಲು ಪಕ್ಕದವನ ಹೊಲದಲ್ಲಿ ನೆಟ್ಟಿದ್ದರೆ ಒತ್ತುವರಿ ಆಗಿರುವುದು ಗೊತ್ತಾಗುವುದಾದರೂ ಹೇಗೆ?

*

ಆದರೆ ನನಗೆ ಅನುಮಾನ ತೀರಲಿಲ್ಲ. ವ್ಯತ್ಯಾಸವೆಲ್ಲ ಎತ್ತರದ್ದು, ಬೆರಳಿನದ್ದು, ವಯಸ್ಸಿನದ್ದು ಆದರೆ, 'ಇಂಥ ಜನ' ಅನ್ನುವ ಮಾತು ಎಲ್ಲಿಂದ ಬಂತು? ಎತ್ತರಕ್ಕೊಂದು ಪಟ್ಟಿ, ವಯಸ್ಸಿಗೊಂದು ಪಟ್ಟಿ ಮಾಡಿದರೆ ಸಾಕಲ್ಲ. ಹಾಸನದ ಐದಡಿಯವನೂ ಹಾಲೆಂಡಿನ ಐದಡಿಯವನೂ ಒಂದೇ ಸಾಲಿನಲ್ಲಿ ನಿಲ್ಲಲಿ.

ಹೀಗೆ ಕೇಳಿದ್ದಕ್ಕೆ ಅವಳು ಶ್ವಾಸಕೋಶದ ಕಥೆ ಹೇಳಿದಳು. ಉಸಿರು ಊದಿ ಅಳೆಯುವ ಪರೀಕ್ಷೆಯಲ್ಲಿ ಬಹಳ ಕಾಲ ಕಪ್ಪು ಜನರಿಗೆ ಬೇರೆ ಗಡಿ ಇತ್ತು. ಅದರ ಬೇರು 1850ರ ದಶಕದ ಅಮೆರಿಕದಲ್ಲಿದೆ. ಕಾರ್ಟ್‌ರೈಟ್ ಎಂಬ ಡಾಕ್ಟರು ಗುಲಾಮರ ಉಸಿರಿನ ಸಾಮರ್ಥ್ಯವೇ ಕಡಿಮೆ ಎಂದು ಬರೆದು, ದುಡಿಮೆಯೇ ಅವರಿಗೆ ಒಳ್ಳೆಯದು ಎಂದು ವಾದಿಸಿದ್ದ. ಹೊಗೆ, ಹಸಿವು, ಇಕ್ಕಟ್ಟಿನ ಮನೆಗಳಿಂದ ಕುಗ್ಗಿದ ಉಸಿರನ್ನು 'ಅವರಿಗೆ ಇಷ್ಟೇ ನಾರ್ಮಲ್' ಎಂದು ಗಡಿ ಹಾಕಿಬಿಟ್ಟರೆ ಕುಗ್ಗಿದ್ದು ಎಂದೂ ಕಾಣುವುದಿಲ್ಲ. 2023ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘವೇ ಜನಾಂಗ ನೋಡದ ಒಂದೇ ಲೆಕ್ಕ ಸಾಕು ಎಂದಿತು. ಮೂತ್ರಪಿಂಡದ ಲೆಕ್ಕದಿಂದಲೂ 2021ರಲ್ಲಿ ಜನಾಂಗವನ್ನು ತೆಗೆದುಹಾಕಿದರು.

ಇತ್ತ ತೂಕದ ವಿಷಯದಲ್ಲಿ ನಡೆದದ್ದು ಇನ್ನೊಂದು ದಿಕ್ಕಿಗೆ. ಬಿ.ಎಂ.ಐ. 25 ಆದಮೇಲೆ ತೂಕ ಜಾಸ್ತಿ ಅನ್ನುವುದು ಎಲ್ಲರ ಲೆಕ್ಕ. ಭಾರತೀಯರಿಗೆ 23ಕ್ಕೇ ಎಚ್ಚರಿಕೆ ಗಂಟೆ. ಕಡಿಮೆ ತೂಕದಲ್ಲೇ ನಮಗೆ ಸಕ್ಕರೆ ಬರುತ್ತದೆಂದು. ಅಲ್ಲಿ ಬೇರೆ ಗಡಿ ಬೇಡವಾಯಿತು, ಇಲ್ಲಿ ಬೇಕಾಯಿತು. ನಾನು ಎರಡಕ್ಕೂ ತಲೆಯಾಡಿಸಿದ್ದೇನೆ. ಯಾವಾಗ ಯಾವುದು ಅನ್ನುವುದು ನನ್ನ ಟಿಪ್ಪಣಿಯಲ್ಲಿ ಇನ್ನೂ ಚುಕ್ಕಿಗೆರೆಯಲ್ಲೇ ಇದೆ.

*

ನಾರ್ಮಲ್ ಆಗಲು ಒಂದು ಫಾರಂ ಇದೆ. ಸಕ್ಕರೆ ಇದೆಯಾ? ಥೈರಾಯ್ಡ್? ಕುಡಿತ? ಕಾಲು ಉರಿ? ಕೈ ಜೋಮು? ಸೊಂಟನೋವು ಕಾಲಿಗೆ ಇಳಿಯುತ್ತಾ? ಮೈಮೇಲೆ ಸ್ಪರ್ಶವಿಲ್ಲದ ಮಚ್ಚೆ? ಕ್ಯಾನ್ಸರ್ ಔಷಧ? ನಮ್ಮ ಕಡೆ ಅರವತ್ತು ದಾಟಿದ ಯಾರು ಇದಕ್ಕೆಲ್ಲ 'ಇಲ್ಲ' ಅಂತ ಗುರುತು ಹಾಕಿಯಾರು? ನಾನಿದ್ದ ದಿನ ಬಂದ ಐದು ಮಂದಿ ಹಿರಿಯರಲ್ಲಿ ನಾಲ್ವರು ಫಾರಂನಲ್ಲೇ ಔಟ್.

ಅಟೆಂಡರ್ ತಾನೇ ಮುಂದೆ ಬಂದ, ನಲವತ್ತೈದರ ಗಟ್ಟಿ ಆಳು, ಫಾರಂನಲ್ಲಿ ಎಲ್ಲ 'ಇಲ್ಲ'. ಮೆಷಿನ್ ನೋಡಿದರೆ ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಯ ಮೀಡಿಯನ್ ನರ ತಡ. ಬೆಳಿಗ್ಗೆ ಸಂಜೆ ನಾಲ್ಕು ಹಸುವಿನ ಹಾಲು ಕರೆಯುವವನು. ನೋವಿಲ್ಲ, ಜೋಮಿಲ್ಲ. ಇವನನ್ನು ಪಟ್ಟಿಗೆ ಸೇರಿಸಬೇಕೋ ಬಿಡಬೇಕೋ? ಸೇರಿಸಿದರೆ ಗಡಿ ಸಡಿಲ. ಬಿಟ್ಟರೆ, ಹಾಲು ಕರೆಯದ, ಕಳೆ ಕೀಳದ, ಕುಕ್ಕರಗಾಲಲ್ಲಿ ಕೂತು ಪೈರು ನಾಟಿ ಮಾಡದವರ ನಾರ್ಮಲ್ ಆಗುತ್ತದೆ ಅದು. ತುಂಬ ಹೊತ್ತು ಕುಕ್ಕರಗಾಲಲ್ಲಿ ಕೂತರೆ ಮೊಣಕಾಲಿನ ಪಕ್ಕ ನರ ಒತ್ತುತ್ತದೆ ಅನ್ನುವುದು ಡಾಕ್ಟರುಗಳಿಗೆಲ್ಲ ಗೊತ್ತು. ಬಿಗಿ ಶೂ ಹಾಕುವವರಲ್ಲಿ ಪಾದದ ಮೇಲಿನ ಚಿಕ್ಕ ಸ್ನಾಯು ಸೊರಗುತ್ತದೆ. ಕಸುಬು ಮೈಮೇಲೆ ಗುರುತು ಬಿಡದ ಮನುಷ್ಯ ಎಲ್ಲಿ ಸಿಗುತ್ತಾನೆ?

ಎಲ್ಲಿ ಅಂದರೆ ಹಾಸ್ಟೆಲ್ಲಿನಲ್ಲಿ. ಇಪ್ಪತ್ತು ವರ್ಷ, ಆರೋಗ್ಯ, ಕರೆದರೆ ಬರುತ್ತಾರೆ, ಒಂದು ಕಾಫಿಗೆ ಖುಷಿ. ರಿಜಿಸ್ಟರಿನಲ್ಲಿ ಕಣ್ಣಾಡಿಸಿದೆ: ಬೀದರ್, ಕಾಸರಗೋಡು, ಕೊಟ್ಟಾಯಂ, ಮಂಗಳೂರು, ಪಾಟ್ನಾ, ಬೆಂಗಳೂರು. ಮೇಲೆ ದಪ್ಪಕ್ಷರದಲ್ಲಿ 'ಈ ಭಾಗದ ಜನರಲ್ಲಿ'. ನಾನು ಬೆರಳಿಟ್ಟು ತೋರಿಸಿದೆ. ಅವಳು ನಕ್ಕು, "ಅದಕ್ಕೇ ನಿಮ್ಮನ್ನ ಕರೆದಿದ್ದು" ಅಂದಳು.

*

'ನಾರ್ಮಲ್' ಅನ್ನಬೇಡಿ, 'ರೆಫರೆನ್ಸ್' ಅನ್ನಿ ಅಂತಲೂ ತಿದ್ದಿದಳು. 1969ರಿಂದ ಈ ತಿದ್ದುಪಡಿ ನಡೆಯುತ್ತಿದೆ, ಫಿನ್ಲೆಂಡಿನ ಗ್ರೇಸ್ಬೆಕ್ ಎಂಬವರು ಶುರು ಮಾಡಿದ್ದು. ಇವನು ಆರೋಗ್ಯವಂತ ಎಂದು ಸರ್ಟಿಫಿಕೇಟು ಕೊಡುವುದಲ್ಲ. ಇಂಥವರಲ್ಲಿ, ಹೀಗೆ ಅಳೆದಾಗ, ಇಷ್ಟು ಬಂತು ಅನ್ನುವುದು ಮಾತ್ರ. ಮಾತು ಸರಿ. ಆದರೆ ನನಗೆ ಹಳೆಯದೇ ಇಷ್ಟ. ನಾರ್ಮಾ ಅಂದರೆ ಲ್ಯಾಟಿನ್ನಿನಲ್ಲಿ ಬಡಗಿಯ ಮೂಲೆಮಟ್ಟ. ಕ್ರಾಸ್ ಸ್ಟಾಫ್ ಹಿಡಿದು ಹೊಲದಲ್ಲಿ ಲಂಬ ಹಾಕಿದವನಿಗೆ ಆ ಮಾತು ಹತ್ತಿರದ್ದು.

*

ಇನ್ನು ಗಡಿ ಎಲ್ಲಿ ಹಾಕುತ್ತಾರೆ ಅನ್ನುವುದು. ಸರಾಸರಿ ತೆಗೆದು, ಚದುರಿಕೆಯ ಎರಡರಷ್ಟನ್ನು ಕಳೆದರೆ ಕೆಳಗಡಿ. ಇದು ಹಳೆಯ ರೂಢಿ. ಅಂಕಿಗಳು ಗಂಟೆಯಾಕಾರದಲ್ಲಿ ಹರಡಿದ್ದರೆ ಇದು ಸರಿ. ನರದ ಅಲೆಯ ಎತ್ತರ ಹಾಗೆ ಬೀಳುವುದಿಲ್ಲ, ಒಂದು ಕಡೆಗೆ ಬಾಲ ಎಳೆದಿರುತ್ತದೆ. ಸರಾಸರಿ 15, ಚದುರಿಕೆ 8 ಅಂತಿಟ್ಟುಕೊಳ್ಳಿ. ಎರಡರಷ್ಟು ಕಳೆದರೆ ಮೈನಸ್ ಒಂದು. ಅಂದರೆ ಅಲೆಯೇ ಇಲ್ಲದವನೂ ನಾರ್ಮಲ್! ಅದಕ್ಕೇ ಈಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೆಳಗಿನಿಂದ ಇಷ್ಟನೆಯವನು ಎಂದು ಗುರುತು ಹಾಕುತ್ತಾರೆ. ಅದಕ್ಕೆ ಸಾಲು ಉದ್ದವಿರಬೇಕು. 2016ರಲ್ಲಿ ಅಮೆರಿಕದ ನರ ಪರೀಕ್ಷಾ ತಜ್ಞರ ಸಂಘ ಹಳೆಯ ಪ್ರಬಂಧಗಳನ್ನೆಲ್ಲ ಜರಡಿ ಹಿಡಿದಾಗ ಕನಿಷ್ಠ ನೂರು ಮಂದಿ ಇರಬೇಕು ಎಂದು ಗೆರೆ ಎಳೆಯಿತು, ಉಳಿದದ್ದು ಬೆರಳೆಣಿಕೆಯಷ್ಟು.

ಇನ್ನೊಂದು ಲೆಕ್ಕ ಮನೆಗೆ ಬಂದು ಮಾಡಿದೆ. ನೂರಕ್ಕೆ ಐದು ಮಂದಿ ಆರೋಗ್ಯವಂತರು ಗಡಿಯಾಚೆ ಬೀಳುತ್ತಾರೆ ಅನ್ನೋಣ. ಒಬ್ಬನಿಗೇ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅಳತೆ ತೆಗೆದರೆ, ಒಂದಾದರೂ ಗಡಿಯಾಚೆ ಬೀಳುವ ಸಾಧ್ಯತೆ ನೂರಕ್ಕೆ 64. ಹೆಚ್ಚು ಹುಡುಕಿದವನಿಗೆ ಹೆಚ್ಚು ಸಿಗುತ್ತದೆ. ಇದಕ್ಕೇ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಹತ್ತಾರು ಮೈಯಳತೆಗಳನ್ನು ಒಟ್ಟುಗೂಡಿಸಿ ಒಂದೇ ದೂರವಾಗಿ ಹೇಳುವ ಸೂತ್ರವನ್ನು 1936ರಲ್ಲಿ ಕೊಟ್ಟರೇನೋ ಅಂತ ನನ್ನ ಊಹೆ. ಅವರೂ ಶುರು ಮಾಡಿದ್ದು ಕಲ್ಕತ್ತೆಯಲ್ಲಿ ಜನರ ಮೈಯಳತೆಯ ಅಂಕಿಗಳಿಂದಲೇ.

*

ನನ್ನದು. ಕೈ ಪಾಸು. ಕಾಲಿನ ಹಿಂಬದಿಯ ಸೂರಲ್ ನರದ ಅಲೆ ಬಹಳ ಗಿಡ್ಡ. ಈ ವಯಸ್ಸಿಗೆ ಅದನ್ನು ದೊಡ್ಡದು ಮಾಡಬಾರದಂತೆ. ಉಪವಾಸದ ಸಕ್ಕರೆ 118. ನೂರು ದಾಟಿದೆ, 126 ಮುಟ್ಟಿಲ್ಲ. ಅಂದರೆ ರೋಗಿಯೂ ಅಲ್ಲ, ಸರಿಯೂ ಅಲ್ಲ. ಅವಳು ನನ್ನ ಹೆಸರನ್ನು ರಿಜಿಸ್ಟರಿನಲ್ಲಿ ಪೆನ್ಸಿಲಿನಲ್ಲಿ ಬರೆದು, ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದಳು. ಹೆಂಡತಿಗೆ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ.

*

ಮೂರನೇ ಸಲ ಹೋಗುವಾಗ ನನ್ನ ಹಳೆಯ ಸ್ಟೀಲ್ ಟೇಪು ಜೇಬಿಗೆ ಹಾಕಿಕೊಂಡು ಹೋದೆ. ಯಾರೂ ಇಲ್ಲದಾಗ ಅವಳ ದರ್ಜಿ ಟೇಪನ್ನು ಮಂಚದ ಮೇಲೆ ಹಾಸಿ, ಪಕ್ಕದಲ್ಲಿ ನನ್ನದನ್ನು ಹಾಸಿದೆ. ಅವಳದರ ನೂರು ಸೆಂಟಿಮೀಟರು ನನ್ನದರಲ್ಲಿ ನೂರು ಸೆಂಟಿಮೀಟರು ಮತ್ತು ಎಂಟು ಮಿಲಿಮೀಟರು. ಬಟ್ಟೆ ಟೇಪು, ಎಳೆದೆಳೆದು ಹಿಗ್ಗಿದೆ. ಹಿಗ್ಗಿದ ಟೇಪು ಕಡಿಮೆ ಓದುತ್ತದೆ.

ಅವಳು ಬಂದು ನೋಡಿದಳು. ಒಂದು ನಿಮಿಷ ಮಾತಾಡಲಿಲ್ಲ. "ಎಷ್ಟು ದಿನದಿಂದ ಹೀಗಿದೆಯೋ, ಚಿಕ್ಕಪ್ಪ." ಲೆಕ್ಕ ಹಾಕಿದೆವು. ವೇಗದಲ್ಲಿ ಅರ್ಧ ಮೀಟರೂ ವ್ಯತ್ಯಾಸವಿಲ್ಲ, ಟೇಪು ಎರಡು ಮಿಲಿಮೀಟರ್ ಆಚೀಚೆ ಇಟ್ಟರೆ ಅಷ್ಟಾಗುತ್ತದೆ, ಚಿಂತೆ ಬೇಡ ಅಂದೆ. ಅವಳು ಕೇಳಲಿಲ್ಲ. ಅಂಗಡಿಯಿಂದ ಸ್ಟೀಲ್ ಟೇಪು ತರಿಸಿ, ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಆ ದಿನದ ತಾರೀಖು ಹಾಕಿ, 'ಟೇಪು ಬದಲಿಸಿದೆ' ಎಂದು ಬರೆದಳು. ನನ್ನ 54.8 ಇದ್ದದ್ದು 55.2 ಆಯಿತು. ಪ್ರಶ್ನೆಚಿಹ್ನೆ ಹಾಗೇ ಇದೆ.